ರಸ್ತೆ ನೆರವು ಸದಸ್ಯತ್ವ: ಹಣ ಕಟ್ಟುವ ಮುನ್ನ

ಮಾನ್ಯರೇ,

ವಾಹನ ವಿಮೆ ನವೀಕರಣದ ದಿನ ಹತ್ತಿರವಾದಂತೆ, ದಾರಿಯಲ್ಲಿ ಗಾಡಿ ಕೆಟ್ಟುನಿಂತರೆ ನೆರವಿಗೆ ಬರುವ ‘ರೋಡ್‌ಸೈಡ್ ಅಸಿಸ್ಟೆನ್ಸ್’ ಸದಸ್ಯತ್ವವನ್ನೂ ಪಡೆಯುವಂತೆ ಒತ್ತಾಯದ ಕರೆಗಳು ಬರತೊಡಗುತ್ತವೆ. ಅದಕ್ಕೆ ಒಪ್ಪುವ ಮೊದಲು ವಾಹನ ಮಾಲೀಕರು ತಮ್ಮ ಬಳಿ ಈಗಾಗಲೇ ಏನಿದೆ ಎಂಬುದನ್ನು ಪರಿಶೀಲಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಹೊಸ ಕಾರು ಕೊಂಡವರಿಗೆ ಮೊದಲ ಕೆಲವು ವರ್ಷ ತಯಾರಕ ಕಂಪನಿಯೇ ಈ ಸೇವೆ ಒದಗಿಸುವುದು ಸಾಮಾನ್ಯ. ನಮ್ಮ ಗಾಡಿಗಾದ ಹಾನಿಯನ್ನೂ ತುಂಬಿಕೊಡುವ ಸಮಗ್ರ ವಿಮೆಯ ಜೊತೆಗೂ ಕೆಲವು ನೂರು ರೂಪಾಯಿಗೆ ಇದನ್ನು ಸೇರಿಸಿಕೊಳ್ಳಬಹುದು. ಪಾಲಿಸಿಯಲ್ಲಿ ಪ್ರೀಮಿಯಂ ವಿವರವಿರುವ ಪುಟದಲ್ಲಿ ‘ಆರ್‌ಎಸ್‌ಎ’ (ರೋಡ್‌ಸೈಡ್ ಅಸಿಸ್ಟೆನ್ಸ್) ಎಂದು ನಮೂದಾಗಿದ್ದರೆ ಅದೇ ಸೇವೆಗೆ ಇನ್ನೊಮ್ಮೆ ದುಡ್ಡು ತೆರಬೇಕಾಗಿಲ್ಲ. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಹಾಯವಾಣಿ ದಿನದ 24 ಗಂಟೆಯೂ ಇದೆ. ಆದರೆ ಅಲ್ಲಿಂದ ಬರುವ ಕ್ರೇನು ಸಂಚಾರಕ್ಕೆ ಅಡ್ಡಿಯಾಗದಂತೆ ಗಾಡಿಯನ್ನು ಸರಿಸುವುದಕ್ಕೆ ಇದೆಯೇ ಹೊರತು ನಮಗೆ ಬೇಕಾದ ಸರ್ವಿಸ್ ಸೆಂಟರ್‌ಗೆ ತಲುಪಿಸುವುದಕ್ಕಲ್ಲ.

ನಗರದೊಳಗೇ ಓಡಾಡುವವರಿಗೆ ಈ ಸದಸ್ಯತ್ವ ಅನಿವಾರ್ಯವೆಂದು ನನಗೆ ಅನಿಸುವುದಿಲ್ಲ. ಪಂಕ್ಚರ್ ಅಂಗಡಿ ಇಲ್ಲದ ಬಡಾವಣೆ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಬ್ಯಾಟರಿ ಅಂಗಡಿಯವರು ಫೋನ್ ಮಾಡಿದರೆ ಮನೆಬಾಗಿಲಿಗೇ ಬರುತ್ತಾರೆ. ಊರಿಗೆಂದು ಹಾಸನ, ಮಂಗಳೂರು, ಶಿವಮೊಗ್ಗದ ಕಡೆ ಆಗಾಗ ಹೊರಡುವವರ ಮಾತು ಬೇರೆ. ಹಳೆಯ ಕಾರಿದ್ದವರಿಗೆ, ರಾತ್ರಿ ಹೊತ್ತು ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವವರಿಗೆ, ಕಟ್ಟಿದ ಹಣ ಒಂದೇ ಪ್ರಯಾಣದಲ್ಲಿ ಸಾರ್ಥಕವಾಗಬಹುದು. ಎಲೆಕ್ಟ್ರಿಕ್ ಕಾರುಗಳನ್ನು, ಬಹುಪಾಲು ಆಟೊಮ್ಯಾಟಿಕ್ ಗೇರಿನ ಕಾರುಗಳನ್ನು ಚಕ್ರ ಉರುಳಿಸುತ್ತಾ ಹಗ್ಗ ಕಟ್ಟಿ ಎಳೆದರೆ ಮೋಟಾರಿಗೋ ಗೇರ್‌ಬಾಕ್ಸಿಗೋ ಹಾನಿಯಾಗುವ ಅಪಾಯವಿದೆ. ಅವುಗಳನ್ನು ಫ್ಲಾಟ್‌ಬೆಡ್ ಲಾರಿಯ ಮೇಲೇರಿಸಿಯೇ ಸಾಗಿಸಬೇಕು, ಅದರ ಬಾಡಿಗೆಯೂ ಕಡಿಮೆಯಲ್ಲ.

ನಿಜವಾದ ತೊಡಕಿರುವುದು ಷರತ್ತುಗಳಲ್ಲಿ. ಉಚಿತವಾಗಿ ಎಷ್ಟು ಕಿಲೋಮೀಟರ್ ಸಾಗಿಸುತ್ತಾರೆ, ವರ್ಷಕ್ಕೆ ಎಷ್ಟು ಬಾರಿ ಬರುತ್ತಾರೆ ಎಂಬುದಕ್ಕೆ ಮಿತಿಯಿರುತ್ತದೆ. ಸಕಲೇಶಪುರದಲ್ಲಿ ಕೆಟ್ಟ ಕಾರನ್ನು ಸುಮಾರು 40 ಕಿ.ಮೀ. ದೂರದ ಹಾಸನಕ್ಕೆ ಒಯ್ಯಬೇಕಾದಾಗ, ಮಿತಿ 25 ಕಿ.ಮೀ. ಆಗಿದ್ದರೆ ಉಳಿದ ದೂರಕ್ಕೆ ಸ್ಥಳದಲ್ಲೇ ಹಣ ಕೊಡಬೇಕಾಗುತ್ತದೆ. ಲಾರಿ ಬಂದುಹೋಗುವ ಎರಡೂ ದಾರಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆಯೇ ಎಂಬುದನ್ನೂ ಮೊದಲೇ ಕೇಳಿ ತಿಳಿಯಬೇಕು. ಪೆಟ್ರೋಲ್ ತಂದುಕೊಟ್ಟರೂ ಅದರ ಬೆಲೆ ಸಾಮಾನ್ಯವಾಗಿ ನಮ್ಮದೇ, ಬಿಡಿಭಾಗಗಳದ್ದೂ ಅಷ್ಟೇ. 2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಕಾರುಗಳು ಮುಳುಗಿದ್ದನ್ನು ನಾವು ಮರೆತಿಲ್ಲ. ಅಂತಹ ಸಂದರ್ಭದಲ್ಲಿ ಈ ಸದಸ್ಯತ್ವದಿಂದ ಹೆಚ್ಚೆಂದರೆ ಗಾಡಿ ಗ್ಯಾರೇಜು ಸೇರೀತು. ಎಂಜಿನ್ನಿಗೆ ನೀರು ನುಗ್ಗಿದ ನಷ್ಟಕ್ಕೆ ವಿಮೆಯ ಜೊತೆ ಪ್ರತ್ಯೇಕವಾಗಿ ಎಂಜಿನ್ ರಕ್ಷಣೆಯನ್ನೇ ಪಡೆದಿರಬೇಕು.

ಇಷ್ಟನ್ನೆಲ್ಲ ಗ್ರಾಹಕ ತಾನಾಗಿಯೇ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹುಡುಕಿಕೊಳ್ಳಬೇಕೆನ್ನುವುದು ನ್ಯಾಯವಲ್ಲ. ದೂರದ ಮಿತಿ, ಬಾರಿಗಳ ಮಿತಿ ಮತ್ತು ಹೆಚ್ಚುವರಿ ಕಿಲೋಮೀಟರಿನ ದರವನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಮುದ್ರಿಸಿ, ಹಣ ಪಡೆಯುವ ಮುನ್ನವೇ ಕೊಡುವುದನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಕಡ್ಡಾಯಗೊಳಿಸಬೇಕು. ಕರೆ ಮಾಡಿದಾಗ ಕನ್ನಡದಲ್ಲಿ ಉತ್ತರಿಸುವವರೂ ಇರಬೇಕು.

– ಓರ್ವ ಕಾರು ಮಾಲೀಕ, ಬಸವೇಶ್ವರನಗರ, ಬೆಂಗಳೂರು