ರೈಟ್ರಿಗೆ, ಮತ್ತು ನಿಮ್ಮೆಲ್ಲರಿಗೆ

ಕಳೆದ ವಾರ ಬೆಳೆಗಾರರಿಂದ ಕಾಫಿ ಕೊಳ್ಳುವ ನಮ್ಮ ಡಿಪೋದ ಹೆಸರಿನ ಮೊದಲ ರಫ್ತು ಕಂಟೇನರ್ ಮಂಗಳೂರು ಬಂದರಿನಿಂದ ಹೊರಟಿತು. 60 ಕೆಜಿ ತೂಕದ 320 ಚೀಲ ಅರೇಬಿಕಾ ಕಾಫಿ. ಫೋಟೋ ಆಗಲೇ ನಿಮ್ಮೆಲ್ಲರ ಫೋನ್‌ಗೆ ಬಂದಿದೆ. ಕಾಫಿ ಬೋರ್ಡಿನ ನೋಂದಣಿ, ಸ್ಯಾಂಪಲ್ ಕಳಿಸಿ ಕಾದದ್ದು, ಕಾಗದಪತ್ರದ ಓಡಾಟ, ಇದೆಲ್ಲ ನಿಮಗೆ ಗೊತ್ತಿರುವುದೇ. ಮತ್ತೆ ಹೇಳುವುದಿಲ್ಲ. ಇವತ್ತು ಋಣದ ಮಾತು ಮಾತ್ರ.

ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಹಾಸನದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಯಂತ್ರ ಬಿಟ್ಟ ಕಪ್ಪು ಬೀಜವನ್ನೂ ಕೈಯಲ್ಲಿ ಆರಿಸಿ ತೆಗೆದ ಅಕ್ಕಂದಿರಿಗೆ, ಕಷ್ಟದಲ್ಲಿ ಫೋನ್ ಎತ್ತಿದ ಬ್ಯಾಂಕಿನ ಮೇಡಂಗೆ, ಆಡಿಟರ್ ಸಾರ್‌ಗೆ, ಚಾರ್ಮಾಡಿ ಘಾಟಿಯಲ್ಲಿ ಮಳೆ ಮಂಜು ಅನ್ನದೆ ಲಾರಿ ಇಳಿಸುವ ಅಣ್ಣಂದಿರಿಗೆ, ಸೀಸನ್ ಪೂರ್ತಿ ಮಕ್ಕಳನ್ನು ನೋಡಿಕೊಂಡ ಅತ್ತೆಗೆ, ಒಡವೆ ಬಿಚ್ಚಿ ಕೊಟ್ಟ ತಂಗಿಗೆ, ನಮ್ಮ ಯಜಮಾನರಿಗೆ ನನ್ನ ನಮಸ್ಕಾರ. ಒಂದೇ ಸಾಲಿನಲ್ಲಿ ಸೇರಿಸಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಯಾಕೆ ಅಂತ ನಿಮಗೂ ಗೊತ್ತು. ಉಳಿದ ಪುಟವೆಲ್ಲ ರೈಟ್ರದು.

ರೈಟ್ರು ಆಲ್ದೂರು ಕಡೆಯ ತೋಟವೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಆಮೇಲೆ ಅಪ್ಪನ ಜೊತೆ ನಮ್ಮ ಡಿಪೋಗೆ ಬಂದರು. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದರಿಂದ ಹಾಕುತ್ತಿಲ್ಲ. ಅವರು ಪೂಲ್ ಕಾಲ ನೋಡಿದವರು. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆಗಾರರು ತಮ್ಮ ಕಾಫಿಯನ್ನು ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟಿಗೆ ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ, ಕೊಡಬೇಕಿತ್ತು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಅದು ಸ್ವಲ್ಪ ಸ್ವಲ್ಪವೇ ಸಡಿಲವಾಗಿ, 1996ರ ಹೊತ್ತಿಗೆ ಯಾರು ಬೇಕಾದರೂ ಯಾರಿಗೆ ಬೇಕಾದರೂ ಮಾರುವ ಹಾಗಾಯಿತು. “ಅಲ್ಲಿವರೆಗೂ ಬೆಳೆಗಾರ್ರು ಬೋರ್ಡನ್ನ ನಂಬಿದ್ರು. ಆಮೇಲೆ ತಕ್ಕಡಿ ಹಿಂದೆ ನಿಂತೋನ ಮುಖ ನೋಡಿ ನಂಬೋ ಹಾಗಾಯ್ತು” ಅನ್ನುತ್ತಿದ್ದರು ರೈಟ್ರು. ನಮ್ಮ ವ್ಯಾಪಾರ ಏನು ಅಂತ ನನಗೆ ಅರ್ಥವಾಗಿದ್ದು ಆ ಮಾತಿನಿಂದ.

ಅಪ್ಪ ಹೋದ ಮೇಲೆ ಅವರ ಕುರ್ಚಿಯಲ್ಲಿ ನಾನು ಕೂತೆ. ಬೆಳೆಗಾರರು ಬರುತ್ತಿದ್ದರು, ನನ್ನನ್ನು ದಾಟಿ ಸೀದಾ ರೈಟ್ರ ಹತ್ತಿರ ಹೋಗುತ್ತಿದ್ದರು. “ಚೆರ್ರಿ ಇವತ್ತು ಎಷ್ಟು ರೈಟ್ರೇ?” ಚೆರ್ರಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ. ರೈಟ್ರಿಗೆ ಆ ದಿನದ ದರ ಬಾಯಿಪಾಠ. ಆದರೂ ಒಂದೇ ಉತ್ತರ: “ರೇಟು ಅಮ್ಮಾರನ್ನ ಕೇಳಿ.” ತಮ್ಮ ಮೂವತ್ತು ವರ್ಷದ ಗೆಳೆಯರಿಗೂ ಅದೇ ಉತ್ತರ. ಕೇಳಿದವರು ನನ್ನ ಕಡೆ ತಿರುಗುವ ತನಕ ಅವರು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ನಾನು ಹೇಳಿದ ದರ ಅವರಿಗೆ ಸರಿ ಕಾಣದಿದ್ದರೆ ಎಲ್ಲರೂ ಹೋದ ಮೇಲೆ ಹೇಳುತ್ತಿದ್ದರು. ಯಾರ ಎದುರೂ ಒಮ್ಮೆಯೂ ತಿದ್ದಲಿಲ್ಲ.

ಓಟಿ, ಅಂದರೆ ಒಂದು ಚೀಲ ಚೆರ್ರಿಗೆ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ, ತೆಗೆಯುವ ಮೇಜನ್ನು ಒಳಗಿನ ಕೋಣೆಯಿಂದ ಮುಂದಿನ ಜಗಲಿಗೆ ತರಿಸಿದ್ದೂ ಅವರೇ. ಚೆರ್ರಿ ಮಿಲ್ ಮಾಡಿ, ಸಿಕ್ಕ ಬೀಜ ತೂಗಿ, ಓಟಿ 26 ಬಂತೋ 28 ಬಂತೋ ಬೆಳೆಗಾರರೇ ತಕ್ಕಡಿ ಓದಿ ಹೇಳಬೇಕು. ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರ್ ಕೂಡ ಅವರ ಕಡೆಗೇ ತಿರುಗಿರಬೇಕು. ಒಂದೊಂದು ಪಾಯಿಂಟ್ ಮೇಲೂ ಚೀಲಕ್ಕೆ ಎಷ್ಟು ದುಡ್ಡು ಹೋಗುತ್ತದೆ ಅಂತ ಕಾಫಿ ಮಾರಿದವರಿಗೆಲ್ಲ ಗೊತ್ತು. ಹೀಗೆ ಮಾಡಿದರೆ ಕೈಲಿ ಏನೂ ಉಳಿಯಲ್ಲ ಅಂತ ಕೆಲವರು ಬುದ್ಧಿ ಹೇಳಿದರು. ಆದರೆ ಬರಬರುತ್ತಾ ವಸ್ತಾರೆ, ಮಲ್ಲಂದೂರು ಕಡೆಯ ಜೀಪುಗಳು ದಾರಿಯ ಡಿಪೋಗಳನ್ನೆಲ್ಲ ದಾಟಿ ನಮ್ಮಲ್ಲಿಗೆ ಬಂದವು.

ಆಫೀಸುಗಳಲ್ಲಿ ಕೆಲಸ ಮಾಡುವ ಗೆಳತಿಯರು ನನ್ನನ್ನು ಕೇಳುತ್ತಾರೆ, ಗಂಡಸರೇ ತುಂಬಿರುವ ಕಡೆ ನಿನ್ನ ಮಾತು ಹೇಗೆ ನಡೆಯುತ್ತದೆ ಅಂತ. ಧೈರ್ಯವಾಗಿ ಮಾತಾಡು, ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಇರಬಹುದು. ನನ್ನ ವಿಷಯದಲ್ಲಿ ಆದದ್ದು ಬೇರೆ. ಮಾತು ನಡೆಯುತ್ತಿದ್ದ ಒಬ್ಬರು ದಿನಾ ತಮ್ಮ ಜಾಗ ಬಿಟ್ಟುಕೊಟ್ಟು ನನ್ನ ಕಡೆ ಕೈ ತೋರಿಸಿದರು. ಹಾಗೆ ಕೈ ತೋರಿಸುವವರು ಇಲ್ಲದೆ, ಕೆಲಸ ಚೆನ್ನಾಗಿ ಗೊತ್ತಿದ್ದೂ ಹಿಂದೆ ಉಳಿದ ಹೆಂಗಸರನ್ನು ನಾನು ನೋಡಿದ್ದೇನೆ.

ಇನ್ನು ಆ ರಾತ್ರಿ.

2021ರ ಜನವರಿಯ ಅಕಾಲದ ಮಳೆ ನಿಮಗೂ ನೆನಪಿದೆ ಅಲ್ವಾ. ಗಿಡದಲ್ಲಿದ್ದ ಹಣ್ಣು ಉದುರಿತು, ಕಣದಲ್ಲಿ ಹರಡಿದ್ದ ಕಾಫಿ ನೆನೆಯಿತು. ಅದೇ ವಾರ ನಮ್ಮಿಂದ ಜಾಸ್ತಿ ಕಾಫಿ ಎತ್ತಿದ್ದ ಹೊರಊರಿನ ಖರೀದಿದಾರರ ಹಣ ಬರಲಿಲ್ಲ. ಫೋನ್ ಕೂಡ ಎತ್ತಲಿಲ್ಲ. ಬೆಳೆಗಾರರಿಗೆ ನಾನು ಕೊಡಬೇಕಿದ್ದದ್ದು ಬರೀ ಬಾಕಿ ಅಲ್ಲ, ಅವರ ತೋಟದ ಬಟವಾಡೆ ಹಣ. ಲೈನ್ ಮನೆಗಳಲ್ಲಿ ಆಳುಗಳು ಕಾಯುತ್ತಿದ್ದರು.

ಕತ್ತಲಾದ ಮೇಲೆ ಗೋಡೌನ್‌ನಲ್ಲಿ ಖಾಲಿ ಚೀಲದ ಮೇಲೆ ಕೂತಿದ್ದೆ. ಅಪ್ಪನ ಮೇಲೆ ಸಿಟ್ಟು ಬಂತು. ಸತ್ತವರ ಮೇಲೆ ಅಷ್ಟು ಸಿಟ್ಟು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. “ನನ್ನನ್ನ ಇಲ್ಲಿ ಕೂರಿಸಿ ಹೋದೆಯಲ್ಲಪ್ಪಾ” ಅಂತ ಕೂಗಿಬಿಟ್ಟೆ. ರೈಟ್ರು ಬಾಗಿಲಲ್ಲೇ ಇದ್ದರು. ಅಳಬೇಡಿ ಅನ್ನಲಿಲ್ಲ, ಎಲ್ಲ ಸರಿಹೋಗುತ್ತೆ ಅಂತಲೂ ಅನ್ನಲಿಲ್ಲ. ಮನೆಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಅಂದರು. ಆಮೇಲೆ ಲೆಕ್ಕದ ಪುಸ್ತಕ ತಂದು ನನ್ನ ಪಕ್ಕದಲ್ಲಿ ಕೂತರು.

ಯಾರಿಗೆ ಎಷ್ಟು ಅಂತ ಅವರು ಪಟ್ಟಿ ಮಾಡಲಿಲ್ಲ. ಯಾರ ತೋಟದಲ್ಲಿ ಎಷ್ಟು ಆಳು, ಯಾರಿಗೆ ಈ ವಾರವೇ ಬಟವಾಡೆ, ಯಾರ ಮನೆಯಲ್ಲಿ ಮದುವೆ, ಯಾರು ತಡೆದುಕೊಳ್ಳಬಲ್ಲರು, ಹಾಗೆ ಬರೆದರು. ನಮ್ಮ ಕೈಯಲ್ಲಿದ್ದ ಅಷ್ಟಿಷ್ಟು ಹಣ ಆ ಸಾಲಿನಲ್ಲೇ ಹೋಗಬೇಕು ಅಂದರು. ಎರಡು ಎಕರೆ, ಮೂರು ಎಕರೆಯವರು ಮೇಲೆ, ದೊಡ್ಡ ಎಸ್ಟೇಟಿನವರು ಕೊನೆಗೆ. ನಾನು ಹೆದರಿದೆ. “ದೊಡ್ಡೋರು ಬೈತಾರೆ, ಬೈಸಿಕೊಳ್ಳೋಣ. ಸಣ್ಣೋರು ಬೈಯಲ್ಲ ಅಮ್ಮಾ, ಅದಕ್ಕೇ ಅವರಿಗೆ ಮೊದಲು” ಅಂದರು.

ಆ ರಾತ್ರಿ ಅವರು ಇನ್ನೆರಡು ಮಾತು ಹೇಳಿದರು. ಸುದ್ದಿ ಬೇರೆಯವರ ಬಾಯಿಂದ ಹೋಗುವ ಮುಂಚೆ ನಾವೇ ಪ್ರತಿ ಮನೆಗೂ ಹೋಗಬೇಕು. ಕೊಡೋಕೆ ಆಗದ ತಾರೀಖು ಬಾಯಿಂದ ಬರಬಾರದು. ಮಧ್ಯೆ ಮಧ್ಯೆ ಸ್ಟವ್ ಮೇಲೆ ಬೆಲ್ಲದ ಕಾಫಿ ಕಾಯಿಸಿ ಕೊಟ್ಟರು. ಅವರಿಗೆ ಸಕ್ಕರೆ ಕಾಯಿಲೆ. ಊಟ ಬಿಟ್ಟು ಕೂತಿದ್ದರು ಅಂತ ನನಗೆ ಗೊತ್ತಾಗಿದ್ದು ಮರುದಿನ ಅವರ ಮನೆಯವರು ಹೇಳಿದಾಗ.

ಬೆಳಕು ಹರಿಯುವ ಮುಂಚೆ ಜೀಪಿನಲ್ಲಿ ಹೊರಟೆವು. ಮಾತೆಲ್ಲ ನನ್ನದೇ. ಅವರು ಪಕ್ಕದಲ್ಲಿ ಸುಮ್ನೆ ನಿಂತಿದ್ದರು, ಅಷ್ಟೇ. ಆದರೆ ಅವರು ನಿಂತಿದ್ದಾರೆ ಅಂತಲೇ ಜನ ನನ್ನ ಮಾತು ಮುಗಿಯುವ ತನಕ ಕೇಳಿದರು. ಒಬ್ಬ ದೊಡ್ಡ ಬೆಳೆಗಾರರು ಆಳುಗಳ ಎದುರೇ ನನ್ನ ಮೇಲೆ ಕೂಗಾಡಿದರು. ಅವರ ಹಣ ಬಾಕಿ ಇತ್ತು, ಅವರ ಸಿಟ್ಟು ನ್ಯಾಯವಾದದ್ದೇ. 2024ರಲ್ಲಿ ರೊಬಸ್ಟಾ ಕಾಫಿಯ ದರ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ತೋಟದ ಬಾಗಿಲಿಗೇ ಬಂದು ಕೊಳ್ಳುವವರು ಸಾಲುಗಟ್ಟಿದರು. ಆಗ ಅದೇ ದೊಡ್ಡ ಬೆಳೆಗಾರರು ತಮ್ಮ ಇಡೀ ಬೆಳೆಯನ್ನು ನಮ್ಮ ಡಿಪೋದಲ್ಲಿ ಇಳಿಸಿದರು. ಸಾರ್, ನಿಮಗೂ ನನ್ನ ಕೈಜೋಡಿಸಿದ ನಮಸ್ಕಾರ.

ಆಮೇಲಿನ ಕಥೆ, ಒಡವೆ, ಬ್ಯಾಂಕು, ಸ್ವಲ್ಪ ಸ್ವಲ್ಪವೇ ಬಾಕಿ ತೀರಿದ್ದು, ನಿಮಗೆ ಗೊತ್ತು. ಕೊನೆಯ ಬೆಳೆಗಾರರಿಗೆ ಕೊನೆಯ ರೂಪಾಯಿ ಸೇರಿದ ಮೇಲೆಯೇ ನಾನು ರಫ್ತಿನ ಮಾತು ಎತ್ತಿದ್ದು. ಕಂಟೇನರ್‌ನಲ್ಲಿ ಹೋದ ಕಾಫಿ ಜಾಸ್ತಿ ಆ ರಾತ್ರಿಯ ಪಟ್ಟಿಯ ಮೇಲಿನ ಸಾಲುಗಳಲ್ಲಿದ್ದವರದ್ದೇ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ ಟ್ಯಾಗ್ ಬಂದಾಗ ಸಂತೋಷಪಟ್ಟವರು ನಾವೆಲ್ಲ. ಆ ಹೆಸರು ಉಳಿಸಿಕೊಡುತ್ತಿರುವವರು ಒಂದೊಂದೇ ಹಣ್ಣು ನೋಡಿ ಕೊಯ್ಸುವ ಈ ಸಣ್ಣ ಬೆಳೆಗಾರರು. ನಿಮ್ಮೆಲ್ಲರ ಮನೆಗೂ ನಾನೇ ಬಂದು ನಮಸ್ಕಾರ ಹೇಳುತ್ತೇನೆ.

ರೈಟ್ರೇ, ಇದನ್ನು ಮೊಮ್ಮಗಳು ನಿಮಗೆ ಓದಿ ಹೇಳುತ್ತಾಳೆ ಅಂತ ಗೊತ್ತು. ಕಂಟೇನರ್ ಲೋಡ್ ಆಗುವಾಗ ನೀವು ಕಣ್ಣಿನ ಆಪರೇಷನ್ ಆಗಿ ಮನೆಯಲ್ಲಿದ್ದಿರಿ. ಅವತ್ತು ಎಲ್ಲರೂ ನನಗೆ ಕೈಕುಲುಕಿದರು. ನನಗೆ ನೀವಿಲ್ಲದ್ದೇ ಕೊರೆಯುತ್ತಿತ್ತು. ಇಷ್ಟು ವರ್ಷ ಸಂಬಳ ಜಾಸ್ತಿ ಮಾಡುತ್ತೇನೆ ಅಂದಾಗಲೆಲ್ಲ ಬೇಡ ಅಂದಿರಿ. ಈ ಸಲ ನಿಮ್ಮನ್ನು ಕೇಳಲಿಲ್ಲ. ಏಪ್ರಿಲ್ 1ರಿಂದ ನೀವು ಈ ಡಿಪೋದ ಪಾಲುದಾರರು. ಆಡಿಟರ್ ಸಾರ್ ಕಾಗದ ರೆಡಿ ಮಾಡಿದ್ದಾರೆ, ನಿಮ್ಮ ಮನೆಯವರೂ ಒಪ್ಪಿದ್ದಾರೆ. ಡಾಕ್ಟರು ಹೊರಗೆ ಓಡಾಡಬಹುದು ಅಂದ ತಕ್ಷಣ ಜೀಪ್ ಕಳಿಸುತ್ತೇನೆ. ಸಹಿ ಹಾಕೋಕೆ ಬನ್ನಿ.