ಟಿವಿಯಲ್ಲಿ ಅಕ್ಷರ ಮಸುಕಾದರೆ: ಮಗಳಿಗೊಂದು ಪತ್ರ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದರೆ ಅಕ್ಷರ ಮಸುಕು ಅಂದೆಯಲ್ಲ, ಅದಕ್ಕೆ ಹೊಸ ಕೇಬಲ್ ತರೋಕೆ ಗಾಂಧಿ ಬಜಾರಿಗೆ ಹೊರಡಬೇಡ. ಅವೆರಡನ್ನೂ ಜೋಡಿಸುವ ಎಚ್‌ಡಿಎಂಐ ಕೇಬಲ್ ಕೆಟ್ಟರೆ ಚಿತ್ರ ಮಸುಕಾಗೋದಿಲ್ಲ. ಬಿಳಿ ಚುಕ್ಕಿ ಮಿನುಗುತ್ತವೆ, ಇಲ್ಲವೇ ಪರದೆ ಆಗಾಗ ಕಪ್ಪಾಗಿ ಮತ್ತೆ ಬರುತ್ತದೆ. ಹಳೇ ವಿಜಿಎ ಕೇಬಲ್ ಆಗಿದ್ದರೆ ಮಾತು ಬೇರೆ. ನೀನು ಕಳಿಸಿದ ಫೋಟೊದಲ್ಲಿ ಕಾಣೋದು ಮೂರು: ಕೆಳಗೆ ಬಲಮೂಲೆಯ ಗಡಿಯಾರ ಅರ್ಧ ಕತ್ತರಿಸಿದೆ, ಅಕ್ಷರಗಳ ಸುತ್ತ ಬೆಳ್ಳಗೆ ಅಂಚು ಕಟ್ಟಿದೆ, ಎಕ್ಸೆಲ್ ಶೀಟಿನ ಕೆಂಪು ಅಂಕಿಗಳು ಕದಡಿಹೋಗಿವೆ. ಮೂರೂ ಟಿವಿ ತಾನಾಗಿ ಮಾಡುತ್ತಿರುವ ಉಪಕಾರ.

ಗಡಿಯಾರದಿಂದ ಶುರುಮಾಡು. ಪಿಕ್ಚರ್ ಟ್ಯೂಬ್ ಕಾಲದಲ್ಲಿ ಅಂಚಿನ ಕೊಳಕು ಕಾಣದಿರಲಿ ಅಂತ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುತ್ತಿದ್ದರು. ಅದರ ಹೆಸರು ಓವರ್‌ಸ್ಕ್ಯಾನ್. ಟ್ಯೂಬ್ ಹೋಯ್ತು, ಚಟ ಉಳೀತು. ಹಿಗ್ಗಿಸಿದ ಮೇಲೆ ಲ್ಯಾಪ್‌ಟಾಪಿನ ಒಂದು ಚುಕ್ಕಿ ಟಿವಿಯ ಒಂದೇ ಚುಕ್ಕಿಯ ಮೇಲೆ ಕೂರದೆ ಪಕ್ಕದ್ದಕ್ಕೂ ಹರಡುತ್ತದೆ. ಸಿನಿಮಾದಲ್ಲಿ ಗೊತ್ತಾಗೋದಿಲ್ಲ, ಅಕ್ಷರದಲ್ಲಿ ಕಣ್ಣಿಗೆ ಚುಚ್ಚುತ್ತದೆ. ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ರೇಶಿಯೊ ಮೆನುವಿಗೆ ಹೋಗು. ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್, ಸ್ಯಾಮ್‌ಸಂಗ್‌ನಲ್ಲಿ ಫಿಟ್ ಟು ಸ್ಕ್ರೀನ್, ಸೋನಿಯಲ್ಲಿ ಫುಲ್ ಪಿಕ್ಸೆಲ್ ಅಂತಿರುತ್ತದೆ.

ಬೆಳ್ಳಗಿನ ಅಂಚಿಗೆ ಕಾರಣ ಟಿವಿಯ ಶಾರ್ಪ್‌ನೆಸ್ ಅನ್ನೋ ಸೆಟ್ಟಿಂಗ್. ಜಾಸ್ತಿ ಮಾಡಿದರೆ ಸ್ಪಷ್ಟವಾಗುತ್ತದೆ ಅನ್ನೋದು ಭ್ರಮೆ; ಅದು ಅಕ್ಷರಕ್ಕೆ ಗೆರೆ ಎಳೆಯುತ್ತದೆ ಅಷ್ಟೆ. ಅಂಚು ಮಾಯವಾಗುವವರೆಗೆ ಇಳಿಸು. ಹೆಚ್ಚಿನ ಟಿವಿಗಳಲ್ಲಿ ಸೊನ್ನೆಯ ಹತ್ತಿರ, ಸೋನಿಯಲ್ಲಿ 50ರ ಸುತ್ತ. ವಿವಿಡ್ ಮೋಡ್ ಇದ್ದರೆ ತೆಗೆದುಬಿಡು, ಅದು ಅಂಗಡಿಯ ದೀಪದ ಕೆಳಗೆ ಗಿರಾಕಿ ಹಿಡಿಯೋಕೆ ಮಾಡಿದ್ದು.

ಕೆಂಪು ಅಂಕಿಯದ್ದು ಬೇರೆ ಕತೆ. ಬಂದದ್ದು ವಿಡಿಯೊ ಅಂದುಕೊಂಡರೆ ಟಿವಿ ಬಣ್ಣದ ವಿವರವನ್ನು ಅರ್ಧಕ್ಕೋ ಕಾಲುಭಾಗಕ್ಕೋ ಇಳಿಸುತ್ತದೆ, ಬೆಳಕಿನ ವಿವರ ಮಾತ್ರ ಪೂರ್ತಿ ಇಟ್ಟುಕೊಳ್ಳುತ್ತದೆ. ಅದಕ್ಕೇ ಕಪ್ಪಕ್ಷರ ಚೆನ್ನಾಗಿದ್ದು ಕೆಂಪು, ನೀಲಿ ಮಾತ್ರ ಕದಡೋದು. ಇನ್‌ಪುಟ್ ಪಟ್ಟಿಯಲ್ಲಿ ಆ ಎಚ್‌ಡಿಎಂಐ ಪೋರ್ಟಿನ ಹೆಸರನ್ನು ‘ಪಿಸಿ’ ಅಂತ ಬದಲಿಸು. ಬರೀ ಹೆಸರಲ್ಲ ಕೂಸೇ, ಹಲವು ಟಿವಿಗಳು ಆ ಹೆಸರು ನೋಡಿಯೇ ಬಣ್ಣವನ್ನು ಪೂರ್ತಿ ತೋರಿಸೋದು.

ಆಮೇಲೆ ಲ್ಯಾಪ್‌ಟಾಪ್. ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸು. ಡೂಪ್ಲಿಕೇಟ್‌ನಲ್ಲಿಟ್ಟರೆ ಎರಡೂ ಪರದೆಗೆ ಒಂದೇ ಅಳತೆ. ನಿನ್ನ ಲ್ಯಾಪ್‌ಟಾಪಿನ 1366×768 ಅನ್ನೇ ಟಿವಿಯೂ ಎಳೆದು ಹಿಗ್ಗಿಸುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರೆಸೊಲ್ಯೂಶನ್, ಅಂದರೆ ಚುಕ್ಕಿಗಳ ಲೆಕ್ಕ, ನಿನ್ನ ಟಿವಿಯದ್ದೇ ಆದ 1920×1080 ಮಾಡಿ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆರೆ. ಅಲ್ಲಿ ಡೆಸ್ಕ್‌ಟಾಪಿಗೊಂದು, ಆ್ಯಕ್ಟಿವ್ ಸಿಗ್ನಲ್‌ಗೊಂದು ಅಳತೆ ತೋರಿಸುತ್ತದೆ. ಎರಡೂ ಒಂದೇ ಇರಬೇಕು. ಅಕ್ಷರ ಸಣ್ಣದಾಯ್ತು ಅಂತ ರೆಸೊಲ್ಯೂಶನ್ ಇಳಿಸಬೇಡ, ಸ್ಕೇಲ್ ಅನ್ನು 125 ಅಥವಾ 150 ಶೇಕಡಾ ಮಾಡು.

ಕಪ್ಪು ಬೂದಿಯಂತೆ ಕಂಡರೆ, ಅಥವಾ ನೆರಳೆಲ್ಲ ಮಸಿಯಾದರೆ, ಲ್ಯಾಪ್‌ಟಾಪ್ ಒಂದು ಲೆಕ್ಕದಲ್ಲಿ, ಟಿವಿ ಇನ್ನೊಂದರಲ್ಲಿ ಇದೆ ಅಂತ: ಕಪ್ಪಿನಿಂದ ಬಿಳಿಯವರೆಗೆ ಒಂದಕ್ಕೆ 0–255, ಇನ್ನೊಂದಕ್ಕೆ 16–235. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಫುಲ್ ಅಥವಾ ಲಿಮಿಟೆಡ್ ಅಂತಿರೋದನ್ನೂ ಟಿವಿಯ ಬ್ಲ್ಯಾಕ್ ಲೆವೆಲ್ ಅನ್ನೂ ಹೊಂದಿಸು.

ಪಕ್ಕದ ರೂಮಿನವರದ್ದು 4ಕೆ ಟಿವಿ, ಮೌಸ್ ತಡೆದು ತಡೆದು ಓಡುತ್ತೆ ಅಂದಿದ್ದೆಯಲ್ಲ, ಅದು 30 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 30 ಚಿತ್ರದಲ್ಲಿ, ಸಿಕ್ಕಿಕೊಂಡಿರುತ್ತದೆ. ಎಚ್‌ಡಿಎಂಐಯ ಹಳೇ ಆವೃತ್ತಿ 1.4ರಲ್ಲಿ 4ಕೆಗೆ ಅಷ್ಟೇ ಜಾಗ. 60ಕ್ಕೆ ಲ್ಯಾಪ್‌ಟಾಪ್, ಟಿವಿ ಎರಡರಲ್ಲೂ 2.0 ಪೋರ್ಟ್ ಬೇಕು. ಅಲ್ಲಿ ಮಾತ್ರ ಕೇಬಲ್ ಬದಲಿಸೋದು ಉಪಯೋಗಕ್ಕೆ ಬಂದೀತು.

ಮಳೆಗಾಲದ ಥಂಡಿಗೆ ಪಿನ್ ಮೇಲೆ ಪದರ ಕಟ್ಟುತ್ತದೆ. ಎರಡನ್ನೂ ಆಫ್ ಮಾಡಿ ನಾಲ್ಕೈದು ಸಲ ಪ್ಲಗ್ ತೆಗೆದು ಹಾಕಿದರೆ ಸಾಕು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆ ಡಿಶ್ ಕೇಬಲ್ಲನ್ನೂ ಎಚ್‌ಡಿಎಂಐಯನ್ನೂ ಕಿತ್ತಿಡು, ಡಿಶ್ಶಿನ ದಾರಿಯಲ್ಲಿ ಬಂದ ಸಿಡಿಲು ಲ್ಯಾಪ್‌ಟಾಪಿನವರೆಗೂ ಹೋಗಬಹುದು.

ಮಾಡಿ ನೋಡಿ ಅದೇ ಶೀಟಿನ ಇನ್ನೊಂದು ಫೋಟೊ ಕಳಿಸು. ಫ್ಲ್ಯಾಶ್ ಹಾಕಬೇಡ.

ಅಪ್ಪಯ್ಯ