ತಂತ್ರಾಂಶ ಪೂರೈಕೆಯ ಕ್ರಮದಲ್ಲಿ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ನವನಗರ, ಬಾಗಲಕೋಟೆ

ಪತ್ತಿನ ಸಹಕಾರಿ ಸಂಘಗಳು, ಸೌಹಾರ್ದ ಸಹಕಾರಿಗಳು ಹಾಗೂ ಸಕ್ಕರೆ ಕಾರ್ಖಾನೆಗಳ ಅಧ್ಯಕ್ಷರು, ವ್ಯವಸ್ಥಾಪಕರು ಮತ್ತು ಸಿಬ್ಬಂದಿಯವರಿಗೆ,

ಮಾನ್ಯರೇ, ನಮಸ್ಕಾರಗಳು.

ಬರುವ ತಿಂಗಳ ಮೊದಲ ಸೋಮವಾರದಿಂದ ನಾವು ಕೈಗೆತ್ತಿಕೊಳ್ಳುವ ಪ್ರತಿಯೊಂದು ಹೊಸ ಕೆಲಸವನ್ನೂ ಎರಡೆರಡು ವಾರಗಳ ಕಂತುಗಳಲ್ಲಿ ಮಾಡಿ, ಪ್ರತಿ ಕಂತಿನ ಕೊನೆಗೆ ನಿಜವಾಗಿ ಬಳಸಬಹುದಾದ ಒಂದು ಭಾಗವನ್ನು ತಮ್ಮ ಮುಂದಿಡಲು ನಿರ್ಧರಿಸಿದ್ದೇವೆ. ಇದುವರೆಗೆ ಬೇಡಿಕೆಗಳ ಪಟ್ಟಿಗೆ ಆರಂಭದಲ್ಲೇ ಸಹಿ ಪಡೆದು, ಐದಾರು ತಿಂಗಳ ನಂತರ ಪೂರ್ತಿ ತಂತ್ರಾಂಶವನ್ನು ಒಮ್ಮೆಲೇ ಒಪ್ಪಿಸುವ ಪದ್ಧತಿ ಇತ್ತು. ಈಗಾಗಲೇ ನಡೆಯುತ್ತಿರುವ ಕೆಲಸಗಳು ಹಳೆಯ ಒಪ್ಪಂದದಂತೆಯೇ ಮುಗಿಯುತ್ತವೆ.

ಈ ಕ್ರಮವನ್ನು ಅಜೈಲ್ ಎನ್ನುತ್ತಾರೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ್ದ 17 ಮಂದಿ ತಂತ್ರಾಂಶ ತಜ್ಞರು ಹೊರಡಿಸಿದ ಪ್ರಣಾಳಿಕೆಯಿಂದ ಈ ಹೆಸರು ಬಂತು. ಬಳಕೆಗೆ ಬರುವ ತಂತ್ರಾಂಶವನ್ನು ಒಂದೆರಡು ವಾರಗಳಿಂದ ಒಂದೆರಡು ತಿಂಗಳುಗಳ ಅಂತರದಲ್ಲಿ, ಸಾಧ್ಯವಾದಷ್ಟೂ ಬೇಗ ಬೇಗ, ಒಪ್ಪಿಸುತ್ತಿರಬೇಕು ಎಂಬುದು ಅದರ 12 ತತ್ವಗಳಲ್ಲಿ ಒಂದು. ಅಜೈಲ್‌ನಂತೆ ಕೆಲಸ ಮಾಡುವ ಬಗೆಗಳಲ್ಲಿ ಒಂದಾದ, ನಾವು ಅನುಸರಿಸಲಿರುವ ಸ್ಕ್ರಮ್ ಪದ್ಧತಿಯಲ್ಲಿ ಒಂದು ಕಂತು ಒಂದು ತಿಂಗಳನ್ನು ಮೀರುವಂತಿಲ್ಲ. ಒಂದೇ ವಾರವಾದರೆ ಪರೀಕ್ಷೆಗೆ ಸಮಯ ಉಳಿಯುವುದಿಲ್ಲ, ತಿಂಗಳಾದರೆ ತಮ್ಮ ಅಭಿಪ್ರಾಯ ನಮಗೆ ತಲುಪುವಷ್ಟರಲ್ಲಿ ಕೆಲಸ ಬಹಳ ಮುಂದೆ ಹೋಗಿರುತ್ತದೆ; ಆದ್ದರಿಂದ ಎರಡು ವಾರಗಳನ್ನು ಆರಿಸಿಕೊಂಡಿದ್ದೇವೆ.

ಜಿಲ್ಲೆಯ ಒಂದು ಪತ್ತಿನ ಸಂಘದಲ್ಲಿ ಇದನ್ನು ಪ್ರಾಯೋಗಿಕವಾಗಿ ನಡೆಸಿ ನೋಡಿದ್ದೇವೆ. ಮೊದಲ ಕಂತಿನಲ್ಲಿ ಕೊಟ್ಟದ್ದು ಪಿಗ್ಮಿ ಏಜೆಂಟರು ಸಂಜೆ ತರುವ ಹಣವನ್ನು ಜಮಾ ಮಾಡಿಕೊಳ್ಳುವ ಒಂದೇ ಪರದೆ. ಸಾಲ, ಷೇರು, ಠೇವಣಿಗಳ ಭಾಗ ಯಾವುದೂ ಇನ್ನೂ ಇರಲಿಲ್ಲ. ಅದನ್ನು ಬಳಸಿ ನೋಡಿದ ಕ್ಯಾಶಿಯರ್, ಏಜೆಂಟರ ಮಷಿನ್ ತೋರಿಸುವ ಮೊತ್ತದ ಪಕ್ಕದಲ್ಲೇ 500, 200, 100 ರೂಪಾಯಿ ನೋಟುಗಳ ಸಂಖ್ಯೆಯನ್ನು ಬರೆದುಕೊಳ್ಳಲು ಜಾಗ ಬೇಕು, ಇಲ್ಲದಿದ್ದರೆ ಏಜೆಂಟರು ಹೊರಟುಹೋದ ಮೇಲೆ ತಾಳೆ ಮಾಡುವುದು ಕಷ್ಟ ಎಂದರು. ಇದು ಬೇಡಿಕೆಗಳ ಪಟ್ಟಿಯಲ್ಲಿ ಇರಲಿಲ್ಲ. ದಿನಾಲೂ ಕೌಂಟರಿನಲ್ಲಿ ಕುಳಿತು ಹಣ ಎಣಿಸುವವರಿಗಷ್ಟೇ ಹೊಳೆಯುವ ಸಂಗತಿಯನ್ನು ಸಭೆಯಲ್ಲಿ ಕುಳಿತು ಬರೆದ ಪಟ್ಟಿಯಿಂದ ನಿರೀಕ್ಷಿಸುವುದೂ ಸರಿಯಲ್ಲ. ಮುಂದಿನ ಕಂತಿನಲ್ಲೇ ಅದನ್ನು ಸೇರಿಸಿದೆವು.

ಈ ಕ್ರಮ ನಡೆಯಬೇಕಾದರೆ ತಮ್ಮಿಂದಲೂ ಸಹಕಾರ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ತೀರ್ಮಾನದ ಅಧಿಕಾರ. ಸಹಕಾರಿ ಸಂಸ್ಥೆಗಳಲ್ಲಿ ಪ್ರತಿಯೊಂದು ಸಣ್ಣ ಪ್ರಶ್ನೆಯೂ ಆಡಳಿತ ಮಂಡಳಿಯ ಸಭೆಗಾಗಿ ಕಾಯುವಂತಾದರೆ ಎರಡು ವಾರಗಳ ಕಂತಿಗೆ ಅರ್ಥ ಉಳಿಯುವುದಿಲ್ಲ. ಆದ್ದರಿಂದ ಯಾವ ಭಾಗ ಮೊದಲು ಬೇಕು, ತೋರಿಸಿದ್ದು ಒಪ್ಪಿಗೆಯೇ ಅಲ್ಲವೇ ಎಂದು ಹೇಳಬಲ್ಲ ಒಬ್ಬ ಪ್ರತಿನಿಧಿಯನ್ನು ಮಂಡಳಿಯು ಠರಾವಿನ ಮೂಲಕ ನೇಮಿಸಬೇಕೆಂದು ಕೋರುತ್ತೇವೆ. ಅವರು ಎರಡು ವಾರಕ್ಕೊಮ್ಮೆ ಗುರುವಾರ ಒಂದು ಗಂಟೆ ಬಿಡುವು ಮಾಡಿಕೊಂಡು, ಆ ಭಾಗವನ್ನು ದಿನವೂ ಬಳಸುವ ಸಿಬ್ಬಂದಿಯೊಂದಿಗೆ ಕುಳಿತು ಕೆಲಸವನ್ನು ಪರಿಶೀಲಿಸಬೇಕು. ಬದಲಾವಣೆಗಳನ್ನು ಯಾವಾಗ ಬೇಕಾದರೂ ತಿಳಿಸಬಹುದು. ಆದರೆ ನಡೆಯುತ್ತಿರುವ ಕಂತಿನ ಗುರಿಯನ್ನು ಕೆಡಿಸುವಂಥವನ್ನು ಮುಂದಿನ ಕಂತಿಗೆ ತೆಗೆದುಕೊಳ್ಳುತ್ತೇವೆ.

ತೋರಿಸುವುದು ಬೇರೆ, ಅಳವಡಿಸುವುದು ಬೇರೆ ಎಂಬುದನ್ನು ಒತ್ತಿ ಹೇಳಬಯಸುತ್ತೇವೆ. ಪ್ರತಿ ಎರಡು ವಾರಕ್ಕೊಮ್ಮೆ ಕೆಲಸವನ್ನು ತೋರಿಸುತ್ತೇವೆಯೇ ಹೊರತು ತಮ್ಮ ದೈನಂದಿನ ವ್ಯವಹಾರದಲ್ಲಿ ಅದನ್ನು ಆಗಲೇ ಜಾರಿಗೆ ತರುವುದಿಲ್ಲ. ಪತ್ತಿನ ಸಂಘಗಳಲ್ಲಿ ಮಾರ್ಚ್ 31ರ ವರ್ಷಾಂತ್ಯದ ಲೆಕ್ಕ ಮುಗಿಯುವವರೆಗೆ ಹೊಸದೇನನ್ನೂ ಅಳವಡಿಸುವುದಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾಟಾ ಹಗಲು ರಾತ್ರಿ ನಡೆಯುವುದರಿಂದ ತೂಕಕ್ಕೆ ಸಂಬಂಧಿಸಿದ ಬದಲಾವಣೆಗಳು ಹಂಗಾಮು ಮುಗಿದ ಮೇಲೆಯೇ ಜಾರಿಗೆ ಬರುತ್ತವೆ. ಬಡ್ಡಿ ಲೆಕ್ಕದಂಥ ಭಾಗಗಳನ್ನು ತಮ್ಮ ಹಳೆಯ ಖಾತೆಗಳ ಅಂಕಿಗಳೊಂದಿಗೆ ಪೈಸೆಯವರೆಗೂ ತಾಳೆ ನೋಡಿದ ನಂತರವಷ್ಟೇ ಮುಗಿದವೆಂದು ಪರಿಗಣಿಸುತ್ತೇವೆ.

ದರದಲ್ಲಿ ವ್ಯತ್ಯಾಸವಿಲ್ಲ. ತಾವು ಒಪ್ಪಿದ ಕಂತುಗಳಿಗೆ ಮಾತ್ರ ಬಿಲ್ ಕಳುಹಿಸುತ್ತೇವೆ. ಹೊಸ ಬೇಡಿಕೆ ಸೇರಿದಾಗ ಅಷ್ಟೇ ಪ್ರಮಾಣದ ಬೇರೊಂದು ಕೆಲಸವನ್ನು ಕೈಬಿಡಬೇಕೋ, ಅವಧಿಯನ್ನು ಹೆಚ್ಚಿಸಬೇಕೋ ಎಂಬುದನ್ನು ತಮ್ಮ ಪ್ರತಿನಿಧಿಯೇ ನಿರ್ಧರಿಸುತ್ತಾರೆ.

ಪ್ರತಿನಿಧಿಯ ಹೆಸರನ್ನು ಠರಾವಿನ ಪ್ರತಿಯೊಂದಿಗೆ ಈ ತಿಂಗಳ ಕೊನೆಯೊಳಗೆ ನಮ್ಮ ಕಚೇರಿಗೆ ಕಳುಹಿಸಿಕೊಡಬೇಕಾಗಿ ವಿನಂತಿ. ಅದು ತಲುಪಿದ ಮೇಲೆ ನಮ್ಮ ಸಿಬ್ಬಂದಿ ತಮ್ಮಲ್ಲಿಗೇ ಬಂದು ಮೊದಲ ಕಂತಿನ ಕೆಲಸಗಳನ್ನು ಗೊತ್ತುಪಡಿಸುತ್ತಾರೆ.

ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು